ಬಲಭಾಗದ ತೋಂಚಿ
ಸ್ಪ್ಲಿಟ್ ಪಟ್ಟಣದ ತೋಂಚಿ ಹದಿನೇಳು ವರ್ಷದಿಂದ ಟೆನಿಸ್ ಆಡುತ್ತಿದ್ದಾನೆ, ಅದೂ ಡಬಲ್ಸ್ ಮಾತ್ರ, ಅದೂ ಅಂಕಣದ ಬಲಭಾಗದಲ್ಲಿ ಮಾತ್ರ. ಹಾಸಿಗೆಯಲ್ಲೂ ಅವನದು ಬಲಗಡೆ, ಚರ್ಚಿನ ಬೆಂಚಿನಲ್ಲೂ ಬಲಗಡೆ, ಮೇಜಿನ ನಡುವಿನಿಂದ ಲೋಟ ಜಾರಿದರೆ, ನಡುವೆ ಬಂದ ಚೆಂಡನ್ನು ಜೊತೆಗಾರನಿಗೆ ಬಿಡುವಂತೆ "ನಿಂದು!" ಎಂದು ಕೂಗುತ್ತಾನೆ, ಹೆಂಡತಿ ತೇನಾ ಹಾರಿ ಹಿಡಿಯಬೇಕು. "ಟಿವೀಲಿ ನಿನ್ನ ಕಂಡೇ ಇಲ್ವಲ್ಲೋ?" ಎಂದು ಮೀನಿನವನು ಕೆಣಕಿದರೆ, "ನಾವು ಆಡೋವಾಗ ಕ್ಯಾಮೆರಾದವ್ರು ಊಟಕ್ಕೆ ಹೋಗಿರ್ತಾರಣ್ಣ" ಎಂದು ನಗುತ್ತಾನೆ. ತನ್ನ ಆಟದ ಸುದ್ದಿ ಬಿಟ್ಟು, ಹನ್ನೊಂದು ವರ್ಷದಿಂದ ಜೊತೆಗೆ ಆಡುತ್ತಿರುವ ಲೋವ್ರೆಯನ್ನೇ ಹೊಗಳುತ್ತಾನೆ. ನಿನ್ನೆ, ಮುಂದಿನ ಪಂದ್ಯಾವಳಿಗೆ ಜೋಡಿಯ ಹೆಸರು ಕೊಡುವ ಕೊನೆಯ ಗಂಟೆಯಲ್ಲಿ, ಆ ಲೋವ್ರೆಯಿಂದ ಫೋನಿಗೆ ಒಂದೇ ಸಾಲು ಬಂತು: "ಇನ್ಮೇಲೆ ನಾನು ಯೂರೆ ಜೊತೆ ಆಡ್ತೀನಿ." ಮೂವತ್ತೆಂಟರ ತೋಂಚಿಯನ್ನು ಇನ್ನು ಯಾರು ಸೇರಿಸಿಕೊಳ್ಳುತ್ತಾರೆ? ತೇನಾ ಫೋನನ್ನು ಅವನ ಕೈಗೆ ತುರುಕಿದಳು. "ಫೋನ್ ಮಾಡಿ ಉಗಿ ಅವನಿಗೆ!" ಎಂದಳು. ತೋಂಚಿ ಫೋನ್ ಮಾಡಿದ, ಆದರೆ ಆ ಹೊಸ ಜೊತೆಗಾರ ಯೂರೆಗೆ. "ತಮ್ಮಾ, ಎರಡನೇ ಸೆಟ್‌ನಲ್ಲಿ ಲೋವ್ರೆಗೆ ಕೈ ನಡುಗುತ್ತೆ, ಯಾರಿಗೂ ಗೊತ್ತಿಲ್ಲ. ಆಗ ಎದುರಾಳಿಗಳಿಗೆ ತುಟಿ ಕಾಣದ ಹಾಗೆ ಚೆಂಡನ್ನ ಬಾಯಿಗೆ ಅಡ್ಡ ಹಿಡ್ಕೊಂಡು ಅವನ ಹತ್ರ ಹೋಗು. ಆಟದ ಮಾತು ಎತ್ತಬೇಡ. ಅವನ ಮಗಳು ಬೆಳಿಗ್ಗೆ ಏನ್ ತಿಂದ್ಲು ಅಂತ ಕೇಳು, ಸಾಕು."