ನಿದ್ದೆ ಸಾಹುಕಾರನ ಹರಕೆ

ನನ್ನ ಭಾವನಿಗೆ ಊರು ಇಟ್ಟ ಹೆಸರು 'ನಿದ್ದೆ ಸಾಹುಕಾರ'. ಅಕ್ಕನ ಗಂಡ ಎಂದು ಹೊಗಳುತ್ತಿಲ್ಲ, ಊರಿನ ಅರ್ಧ ಜನ ಮಲಗುವುದು ಅವರು ತುಂಬಿದ ಹಾಸಿಗೆಯ ಮೇಲೆಯೇ. ಅಂಗಡಿ ಅವರಪ್ಪನದು. ಹದಿನೇಳನೇ ವಯಸ್ಸಿಗೆ ಅಪ್ಪನನ್ನು ಮಣ್ಣು ಮಾಡಿ ಬಂದ ಮರುವಾರ ಗೇಣುದ್ದದ ಸೂಜಿ ಹಿಡಿದು ನೆಲದ ಮೇಲೆ ಕೂತವರು ಇವತ್ತಿಗೂ ಎದ್ದಿಲ್ಲ ಎನ್ನಬಹುದು. ಬೆಳಿಗ್ಗೆ ಚರ್ಚಿನಲ್ಲಿ ಬಲಿಪೂಜೆ, ಆಮೇಲೆ ಅಂಗಡಿ, ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಜಪಮಾಲೆ. ಹಳೇ ಹತ್ತಿಗೆ ಹೊಸ ಗವಸು ತೊಡಿಸಿ ಹೊಸದೆಂದು ಮಾರಿದವರಲ್ಲ. ಎದುರುಗಡೆ ಸ್ಪಂಜಿನ ಹಾಸಿಗೆಯ ಅಂಗಡಿ ತೆರೆದು ಗಿರಾಕಿಗಳು ಅತ್ತ ಹರಿದಾಗಲೂ, "ಬೆನ್ನಿಗೆ ಸುಳ್ಳು ಹೇಳೋಕಾಗಲ್ಲ" ಎಂದು ಹತ್ತಿಯನ್ನೇ ಹಿಂಜಿದರು. ನಾನು ಅದೇ ಅಂಗಡಿಯ ಮೂಲೆಯಲ್ಲಿ ಮಷಿನ್ ಇಟ್ಟುಕೊಂಡು ಗವಸು ಹೊಲಿಯುವವನು. ಹಾಗಾಗಿ ಇಷ್ಟು ಮಾತಾಡುವ ಹಕ್ಕು ನನಗಿದೆ.

ಆದರೆ ಈ ನಿದ್ದೆ ಸಾಹುಕಾರನಿಗೆ ಹತ್ತೊಂಬತ್ತು ವರ್ಷ ನೆಟ್ಟಗೆ ನಿದ್ದೆ ಇರಲಿಲ್ಲ. ಕಾರಣ ಗೊತ್ತಿದ್ದದ್ದು ನನ್ನೊಬ್ಬನಿಗೆ.

ಒಬ್ಬಳೇ ಮಗಳಿಗೆ ಮೂರು ವರ್ಷವಾಗಿದ್ದಾಗ ಎದೆಯಲ್ಲಿ ಕಫ ಕಟ್ಟಿ, ಜ್ವರ ಇಳಿಯದೆ ಆಸ್ಪತ್ರೆಗೆ ಸೇರಿಸಿದ್ದೆವು. ನಾಲ್ಕನೆಯ ದಿನ ಮಧ್ಯಾಹ್ನ ಡಾಕ್ಟರು, "ನಮ್ಮ ಕೈಲಾದದ್ದು ಮಾಡಿದ್ದೀವಿ" ಎಂದು ಹೇಳಿ ಹೋದರು. ಅಕ್ಕ ಒಳಗೆ ಮಗುವಿನ ಪಕ್ಕದಲ್ಲಿದ್ದಳು. ಭಾವ ಹೊರಗಿನ ಬೆಂಚಿನಿಂದ ಇಳಿದು ಮೊಣಕಾಲೂರಿದರು. "ದೇವರೇ, ಇವಳನ್ನ ಉಳಿಸು. ದೊಡ್ಡವಳಾದ್ಮೇಲೆ ನಿನಗೇ ಕೊಡ್ತೀನಿ, ಕನ್ಯಾಸ್ತ್ರೀ ಮಾಡ್ತೀನಿ" ಎಂದದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಸಂಜೆಯ ಹೊತ್ತಿಗೆ ಮಗು ಬೆವರಿ ಜ್ವರ ಬಿಟ್ಟಿತು. ಭಾವ ನನ್ನ ಕೈ ಹಿಡಿದು, "ನಿಮ್ಮಕ್ಕನಿಗೆ ಹೇಳ್ಬೇಡ ಮಾರಾಯ, ಅವಳು ತಡ್ಕೊಳ್ಳಲ್ಲ" ಎಂದರು. ಅಂದಿನಿಂದ ನನ್ನ ಬಾಯಲ್ಲೂ ಬಿಸಿತುಪ್ಪ.

ಹತ್ತಿ ಅಂಗಡಿಯಲ್ಲಿ ಸೀನದವರುಂಟೇ? ನಾನು ದಿನಕ್ಕೆ ಹತ್ತು ಸಲ ಸೀನುತ್ತೇನೆ, ಯಾಕೆ ಎಂದು ಕೇಳುವವರಿಲ್ಲ. ಮಗಳು ಸೀನಿದರೆ ಮಾತ್ರ ಭಾವನ ಸೂಜಿ ನಿಂತುಬಿಡುತ್ತಿತ್ತು. ಕೈ ತಾನಾಗಿ ಹಣೆಗೆ ಹೋಗಿ ಶಿಲುಬೆಯ ಗುರುತು ಹಾಕುತ್ತಿತ್ತು. ಕೊಟ್ಟ ಮಾತು ನಡೆಸದಿದ್ದರೆ ದೇವರು ಅವಳನ್ನು ವಾಪಸು ಕರೆದುಕೊಂಡಾನು ಎಂಬ ಭಯ. ನಡೆಸೋಣವೆಂದರೆ ಅವಳನ್ನು ಬಿಟ್ಟಿರಲಾರರು. ಕಾನ್ವೆಂಟಿನ ಸಿಸ್ಟರ್‌ಗಳು ಬರೀ ದಿಂಬು ಕೊಳ್ಳಲು ಬಂದರೂ ಕುಂಬಳಕಾಯಿ ಕಳ್ಳನ ಹಾಗೆ ಹಿಂದಿನ ಕೋಣೆ ಸೇರಿಕೊಳ್ಳುತ್ತಿದ್ದರು. ವ್ಯಾಪಾರ ನಾನು ಮಾಡಬೇಕಿತ್ತು.

"ಫಾದರ್ ಹತ್ರ ಹೇಳ್ಬಿಡಿ ಭಾವ" ಎಂದು ನಾನು ವರ್ಷಕ್ಕೊಮ್ಮೆಯಾದರೂ ಗೊಣಗುತ್ತಿದ್ದೆ.

"ಅವರು 'ನಡೆಸು' ಅಂದ್ಬಿಟ್ರೆ?"

ಕೇಳದಿದ್ದರೆ ಉತ್ತರವೂ ಬರುವುದಿಲ್ಲ ಎಂಬುದು ಅವರ ಜಾಣತನ. ಪ್ರತಿ ತಿಂಗಳ ಪಾಪನಿವೇದನೆಯಲ್ಲಿ ಸಿಟ್ಟು ಮಾಡಿದ್ದನ್ನೂ ಪೂಜೆಯಲ್ಲಿ ತೂಕಡಿಸಿದ್ದನ್ನೂ ಚಾಚೂ ತಪ್ಪದೆ ಹೇಳಿ, ಇದೊಂದನ್ನು ಬಿಟ್ಟು ಎದ್ದು ಬರುತ್ತಿದ್ದರು.

ಮಗಳಿಗೆ ಇಪ್ಪತ್ತೆರಡಾಯಿತು. ಓದು ಮುಗಿಸಿ ಎರಡು ವರ್ಷದಿಂದ ಅಂಗಡಿಯಲ್ಲೇ ಇದ್ದಾಳೆ. ಸೂಜಿ ಇಳಿಸುವುದರಲ್ಲಿ ಅಪ್ಪನನ್ನು ಮೀರಿಸಿದ್ದಾಳೆ, ಬಾಯಿಯಲ್ಲಂತೂ ನನ್ನನ್ನೂ. ದೊಡ್ಡ ಹಾಸ್ಟೆಲ್ ಒಂದರ ಹಾಸಿಗೆಗಳ ಕೆಲಸ ಹಿಡಿದುಕೊಂಡು ಬಂದವಳೂ ಅವಳೇ. ಕಳೆದ ಶುಕ್ರವಾರ ಹತ್ತಿ ಹಿಂಜುತ್ತ ಹೇಳಿದಳು: "ಅಪ್ಪ, ಸೋಮವಾರ ಬೋರ್ಡ್ ಬರೆಯೋರು ಬರ್ತಾರೆ. ಅಂಗಡಿ ಹೆಸರಿನ ಕೆಳಗೆ 'ತಂದೆ ಮತ್ತು ಮಗಳು' ಅಂತ ಸೇರಿಸ್ತೀನಿ. ನಾನು ಇನ್ನು ಇಲ್ಲೇ ಇರೋಳು."

ಭಾವ ತಲೆ ತಗ್ಗಿಸಿಬಿಟ್ಟರು.

"ನಾನಿಲ್ಲಿ ಇರೋದು ನಿನಗಿಷ್ಟ ಇಲ್ವಾ ಅಪ್ಪ?" ಎಂದಳು. ಕಣ್ಣು ತುಂಬಿ ಬಂದದ್ದು ನನಗೂ ಕಂಡಿತು. ಅವಳು ಎದ್ದು ಹೊರಗೆ ಹೋದಳು.

ನನಗೆ ರೇಗಿಹೋಯಿತು. "ಭಾವ, ನಾಳೆ ನೀವು ಫಾದರ್ ಹತ್ರ ಹೋಗ್ತೀರಿ. ಇಲ್ಲಾಂದ್ರೆ ನಾನು ಅಕ್ಕನ ಹತ್ರ ಹೋಗ್ತೀನಿ. ಎರಡರಲ್ಲಿ ಯಾವುದು ಕಷ್ಟ ಅಂತ ನೀವೇ ಯೋಚ್ನೆ ಮಾಡಿ" ಎಂದೆ.

ಶನಿವಾರ ಮಧ್ಯಾಹ್ನ ಚರ್ಚಿನ ಮೆಟ್ಟಿಲ ಮೇಲೆ ನಾನು ಕಾದು ಕೂತೆ. ಭಾವ ಹೊರಗೆ ಬಂದವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ನನ್ನ ಪಕ್ಕ ಕೂತರು. ಒಳಗೆ ನಡೆದದ್ದನ್ನು ಬಿಟ್ಟು ಬಿಟ್ಟು ಹೇಳಿದರು.

ಫಾದರ್ ಎಲ್ಲ ಕೇಳಿ, "ಮಗಳನ್ನ ಒಂದು ಮಾತು ಕೇಳಿದ್ಯಾ?" ಎಂದರಂತೆ.

"ಅವಳಿಗೆ ಆಗ ಮೂರು ವರ್ಷ ಫಾದರ್."

"ಹಂಗಾದ್ರೆ ಅದು ಹರಕೆನೇ ಅಲ್ಲ. ಹರಕೆ ಹೊತ್ತವನನ್ನ ಮಾತ್ರ ಕಟ್ಟಿಹಾಕತ್ತೆ. ನೀನು ಬೇಕಾದ್ರೆ ನಿನ್ನನ್ನ ಕೊಡು. ಅವಳೇನು ನೀನು ಹೊಲಿದ ಹಾಸಿಗೆನಾ, ಎತ್ತಿ ಕೊಡೋಕೆ?"

"ಮತ್ತೆ ದೇವರು ಅವತ್ತು ಅವಳನ್ನ ಉಳಿಸಿದ್ದು?"

"ಸುಮ್ನೆ ಉಳಿಸಿದ" ಎಂದರಂತೆ ಫಾದರ್.

"ಸುಮ್ನೆ ಅಂತೆ ಮಾರಾಯ" ಎಂದು ಭಾವ ನನ್ನ ಭುಜ ಹಿಡಿದುಕೊಂಡು ಅತ್ತರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಹತ್ತೊಂಬತ್ತು ವರ್ಷದ ಭಾರ ಇಳಿದರೆ ಜೊತೆಗೆ ಹೊತ್ತವನಿಗೂ ಹಗುರವಾಗುತ್ತದೆ.

ಪ್ರಾಯಶ್ಚಿತ್ತವಾಗಿ ಫಾದರ್ ಕೊಟ್ಟದ್ದು ಒಂದೇ: ಹೆಂಡತಿಗೂ ಮಗಳಿಗೂ ಬಾಯಿಬಿಟ್ಟು ಹೇಳಬೇಕು. ಭಾನುವಾರ ಪೂಜೆ ಮುಗಿಸಿ ಬಂದು, ಹಜಾರದಲ್ಲಿ ಗೋಡೆಗೆ ಆತುಕೊಂಡು ಹೇಳಿದರು. ಅಕ್ಕ, "ಇಷ್ಟು ವರ್ಷ ಒಬ್ಬರೇ ಹೆದರಿದ್ರಾ? ಅರ್ಧ ಹೆದರಿಕೆ ನನಗೂ ಕೊಡಬಾರದಿತ್ತಾ" ಎಂದಳು. ನನ್ನ ಕಡೆ ತಿರುಗಿ, "ನಿನ್ನನ್ನ ಆಮೇಲೆ ವಿಚಾರಿಸ್ಕೊಳ್ತೀನಿ" ಎಂದಳು. ಇನ್ನೂ ವಿಚಾರಿಸಿಕೊಳ್ಳುತ್ತಲೇ ಇದ್ದಾಳೆ.

ಮಗಳಿಗೆ ಸಿಟ್ಟು ಬಂದಿತ್ತು. "ನನ್ನನ್ನ ಒಂದು ಮಾತು ಕೇಳ್ದೆ ಕೊಟ್ಟುಬಿಟ್ಟಿದ್ಯಾ?" ಎಂದಳು. ಅಪ್ಪನ ಮುಖ ನೋಡಿ ಸಿಟ್ಟು ನಿಲ್ಲಲಿಲ್ಲ. ಹತ್ತಿರ ಬಂದು ಕೂತು, "ಅಲ್ಲಪ್ಪ, ನನ್ನ ಬಾಯಿಗೆ ಸಿಸ್ಟರ್‌ಗಳು ಒಂದೇ ವಾರಕ್ಕೆ ವಾಪಸ್ ತಂದುಬಿಡ್ತಿದ್ರು" ಎಂದಳು.

ಸೋಮವಾರ ಬೋರ್ಡಿನವನು ಏಣಿ ಹತ್ತಿದ. ಒಳಗೆ ಅಪ್ಪ ಮಗಳು ಒಂದೇ ಹಾಸಿಗೆಯ ಎರಡು ತುದಿಗೆ ಕೂತು ಹೊಲಿಗೆ ಹಾಕುತ್ತಿದ್ದರು. ಮಗಳು ಸೀನಿದಳು, ಒಂದಲ್ಲ, ಮೂರು ಸಲ. ಮಷಿನ್ ಮೇಲಿನ ನನ್ನ ಕಾಲು ನಿಂತಿತು. ಅಭ್ಯಾಸಬಲದಿಂದ ಭಾವನ ಕೈ ನೋಡಿದೆ.

"ಮೂಗಿಗೆ ಬಟ್ಟೆ ಕಟ್ಕೋ ಅಂತ ಎಷ್ಟು ಸಲ ಹೇಳೋದು ನಿನಗೆ" ಎಂದು ಬೈಯುತ್ತ, ಭಾವ ತಲೆ ಎತ್ತದೆ ಮುಂದಿನ ಹೊಲಿಗೆ ಹಾಕಿದರು.