ಬೊಂಬೆ ಚಾಚಾ ಆರಿಸಿದ ಸ್ಪ್ಯಾನಿಷ್ ಪಾಠ

ಸ್ನೇಹಿತರೇ, ಎರಡು ತಿಂಗಳಿಂದ ನನ್ನಿಂದಾಗದ ಕೆಲಸವನ್ನು ಪಕ್ಕದ ಮನೆಯ ಅನ್ವರ್ ಚಾಚಾ ಇವತ್ತು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟರು.

ಮಗಳು ಇಂಚರಾಳಿಗೆ ನಾವು ಮನೆಯಲ್ಲೇ ಪಾಠ ಹೇಳುವವರು. ಚಾಚಾ ಮಾಡುವ ಬೊಂಬೆ ನೋಡಲು ಬಂದಿದ್ದ ಸ್ಪೇನ್ ಹುಡುಗಿಯ ಜೊತೆ ಆಡಿದ ದಿನದಿಂದ ಅವಳಿಗೆ ಸ್ಪ್ಯಾನಿಷ್ ಹುಚ್ಚು. ಹುಡುಕಿ ಹುಡುಕಿ ಮೂರು ಆನ್‌ಲೈನ್ ಕೋರ್ಸಿಗೆ ಬಂದು ನಿಂತಿದ್ದೆ. ಬೆಳಿಗ್ಗೆ ಅತಿ ದುಬಾರಿ ಕೋರ್ಸಿನವಳು ಫೋನ್ ಮಾಡಿ, "ಮೇಡಂ, ಆಫರ್ ಇವತ್ತೇ ಲಾಸ್ಟ್" ಎಂದಳು. ಫೀಸು ಕೈಮೀರಿದರೂ ಕಟ್ಟಿಬಿಡಲು ಹೊರಟಿದ್ದೆ.

ಚಾಚಾ ಚನ್ನಪಟ್ಟಣದ ಹಳೆಯ ಬೊಂಬೆ ಕೆಲಸಗಾರ. ನನ್ನ ಗೋಳು ಕೇಳಿ "ಒಸಿ ತಡಿಯಮ್ಮ" ಎಂದರು. "ಹೊಸಾ ಬೊಂಬೆ ಮಾಡಿದ್ರೆ ನಾವು ದೊಡ್ಡೋರ್ನ ಕೇಳಾಕಿಲ್ಲ. ಮಗು ಕೈಗೆ ಕೊಟ್ಟು ಸುಮ್ಕೆ ಕೂತ್ಕತೀವಿ. ಒಂದು ಸಲ ಎಲ್ಲಾ ಮಕ್ಳೂ ಆಡ್ತವೆ. ಬುಟ್ಟು ಹೋದ್ಮೇಲೆ ತಿರ್ಗಾ ಬಂದು ಎತ್ಕಂಡ್ರೆ ಮಾತ್ರ ಆ ಬೊಂಬೆ ಪಾಸು."

ಅವರ ಅಂಗಳದಲ್ಲೇ ಮೂರೂ ಕೋರ್ಸಿನ ಉಚಿತ ಮಾದರಿ ಪಾಠವನ್ನು ಮಗಳಿಗೆ ಫೋನಿನಲ್ಲಿ ಹಾಕಿಕೊಟ್ಟೆ. ದುಬಾರಿಯದರಲ್ಲಿ ಇಂಚರಾ ನಕ್ಷತ್ರಗಳನ್ನೆಲ್ಲ ಗೆದ್ದು ಎದ್ದುಹೋದಳು. ಎರಡನೆಯದನ್ನು ಅರ್ಧಕ್ಕೇ ಬಿಟ್ಟಳು. ಮೂರನೆಯದು ಅಗ್ಗದ್ದು, ಚಿತ್ರವೂ ಇಲ್ಲ, ಒಬ್ಬ ಅಜ್ಜಿಯ ದನಿ ಮಾತ್ರ. ಅದನ್ನೂ ಕೇಳಿ ಮುಗಿಸಿ ಓಡಿಹೋದಾಗ ನಾನು ಕೂಗಲು ಬಾಯಿ ತೆರೆದೆ. ಚಾಚಾ ಕಣ್ಸನ್ನೆಯಲ್ಲೇ ಸುಮ್ಮನಿರಿಸಿದರು.

ಹತ್ತು ನಿಮಿಷಕ್ಕೆ ಮರಳಿದವಳು ಯಾರೂ ಹೇಳದೆ ಅಜ್ಜಿಯ ಪಾಠವನ್ನೇ ಮತ್ತೆ ಹಾಕಿಕೊಂಡು, ಚಾಚಾ ಸಾಲಾಗಿಟ್ಟಿದ್ದ ಬುಗುರಿಗಳನ್ನು ಎಣಿಸತೊಡಗಿದಳು. "ಉನೋ, ದೋಸ್, ತ್ರೇಸ್..."

"ಪಾಸು!" ಎಂದರು ಚಾಚಾ.

ಅಜ್ಜಿಯ ಕೋರ್ಸಿಗೇ ಫೀಸು ಕಟ್ಟಿದೆ. ಸಂಜೆ ಹೋದರೆ ಚಾಚಾ ಡಬ್ಬಕ್ಕೆ ಬುಗುರಿ ತುಂಬುತ್ತ, "ಉನೋ, ದೋಸ್..." ಎನ್ನುತ್ತಿದ್ದರು. ನಾನು ಕಟ್ಟಿರುವುದು ಒಬ್ಬಳ ಫೀಸು. ಕಂಪನಿಯವರಿಗೆ ಯಾರೂ ಹೇಳಬೇಡಿ.