ಮಲಗಿಸಿ ಮಣ್ಣು ಮಾಡುವ ಮಾತು

ವಿದ್ಯಾರಣ್ಯಪುರಂನಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದ ಪ್ರಭುಸ್ವಾಮಿ ಸಾಯುವ ಮುಂಚೆ ಹೆಂಡತಿಯನ್ನು ಕೇಳಿಕೊಂಡದ್ದು ಒಂದೇ. "ನನ್ನ ಕೂರಿಸ್ಬೇಡ ಕಣೇ ಪ್ರೇಮಾ. ಮಲಗ್ಸಿ, ಪ್ರಾರ್ಥನೆ ಮಾಡಿ ಮಣ್ಣು ಮಾಡು." ಪ್ರೇಮಲೀಲಾ ಆಗಲಿ ಎಂದು ಮಾತು ಕೊಟ್ಟಿದ್ದಳು.

ಅವರ ಲಿಂಗಾಯತ ಮನೆತನದಲ್ಲಿ ಸತ್ತವರನ್ನು ಕೂರಿಸಿಯೇ ಹೂಳುವುದು, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು. ಆರು ವರ್ಷದ ಹಿಂದೆ ಪ್ರಭುಸ್ವಾಮಿ ಕತ್ತಿನ ಲಿಂಗ ಬಿಚ್ಚಿ ತಮ್ಮ ಮಹೇಶನ ಕೈಗೆ ಕೊಟ್ಟು, ಹೆಂಡತಿಯ ಜೊತೆ ಕ್ರೈಸ್ತರ ದೀಕ್ಷಾಸ್ನಾನ ಮಾಡಿಸಿಕೊಂಡ. ಅಂದಿನಿಂದ ಅದೇ ಮನೆಯ ಪಕ್ಕದ ಭಾಗದಲ್ಲಿದ್ದ ಮಹೇಶ ಮಾತು ಬಿಟ್ಟ. ಶಾಲೆಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಹುಡುಗರು ಮಾಡಿನ ಶೀಟಿಗೆ ಕಲ್ಲು ಹೊಡೆದರು. ಆಮಿಷಕ್ಕೆ ಬಿದ್ದು ಮತ ಬಿಟ್ಟವರು ಎಂದು ಬೀದಿಯೆಲ್ಲ ಆಡಿಕೊಂಡಿತು. ಅದ್ಯಾವ ಆಮಿಷವೋ! ಸಿಕ್ಕಿದ್ದರೆ ಆ ಮನುಷ್ಯ ಹರಕು ಬನಿಯನ್‌ನಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ಕೂರುತ್ತಿದ್ದನೇ?

ಅವನು ಪ್ರಾಣ ಬಿಟ್ಟದ್ದು ಭಾನುವಾರ ಬೆಳಿಗ್ಗೆ. ಪಾಸ್ಟರ್ ಲೋಕೇಶ್ ಆರಾಧನೆಗೆಂದು ಫೋನ್ ಆಫ್ ಮಾಡಿದ್ದರು. ಹಿನಕಲ್‌ನ ಪ್ರಾರ್ಥನಾ ಮಂದಿರಕ್ಕೆ, ಯಾರೋ ದೂರು ಕೊಟ್ಟ ಮೇಲೆ, ಬೀಗ ಬಿದ್ದಿತ್ತು. ಸಭೆಯವರು ವಾರಕ್ಕೊಂದು ಮನೆಯಲ್ಲಿ ಸೇರುತ್ತಿದ್ದರು. ಮುಂದಿನ ವಾರ ಯಾರ ಮನೆ ಎಂಬುದನ್ನು ಬಂದವರಿಗೆ ಮಾತ್ರ ಬಾಯಿಮಾತಿನಲ್ಲಿ ಹೇಳುವ ರೂಢಿ. ಗಂಡನ ಆರೈಕೆಯಲ್ಲಿ ಪ್ರೇಮಲೀಲಾ ಎರಡು ವಾರದಿಂದ ಹೋಗಿರಲಿಲ್ಲ. ದೇಹಕ್ಕೆ ದುಪ್ಪಟಿ ಹೊದಿಸಿ, ಚಿಲಕ ಹಾಕಿ, ಆಟೋ ಹಿಡಿದು ಹಿನಕಲ್‌ಗೆ ಓಡಿದಳು. ಅವಳು ಮಾಡಿದ ತಪ್ಪೆಂದರೆ ಅದೇ.

ಐದು ಮನೆಗಳ ಬಾಗಿಲು ಬಡಿದ ಮೇಲೆ ಪಾಸ್ಟರ್ ಸಿಕ್ಕರು. ಸ್ಮಶಾನದಲ್ಲಿ ಜಾಗ ಕೇಳಿ ಪೆಟ್ಟಿಗೆ ತರುತ್ತೇನೆ, ನೀವು ಮನೆಗೆ ನಡೆಯಿರಿ ಎಂದರು. ಅವಳು ಮನೆ ಮುಟ್ಟುವಾಗ ಹನ್ನೊಂದು ದಾಟಿತ್ತು. ಬಾಗಿಲು ತೆರೆದಿತ್ತು. ಪ್ರಭುಸ್ವಾಮಿಯನ್ನು ಗೋಡೆಗೆ ಒರಗಿಸಿ ಕಾಲು ಮಡಿಸಿ ಕೂರಿಸಿದ್ದರು. ಹಣೆಯ ಮೇಲೆ ವಿಭೂತಿ, ಎಡಗೈಯಲ್ಲಿ ಅವನೇ ಕೊಟ್ಟಿದ್ದ ಲಿಂಗ. ಪಕ್ಕದಲ್ಲಿ ಮಹೇಶ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಇದೇನ್ ಮಾಡ್ಬುಟ್ಟೆ ಮಹೇಶಾ? ಮಲಗಿಸ್ತೀನಿ ಅಂತ ಅವ್ರಿಗೆ ಮಾತು ಕೊಟ್ಟಿದ್ದೆ ಕಣಪ್ಪ."

"ಮಲಗ್ಸಿ ಎಲ್ಲಿಗ್ ತಗೊಂಡೋಗ್ತೀರಿ ಅತ್ಗೆ? ನಿಮ್ಮೋರಿಗೆ ಒಂದ್ ಗುಂಡಿನಾದ್ರೂ ಐತಾ? ನಮ್ಮಣ್ಣ ದಿಕ್ಕಿಲ್ಲದ ಹೆಣ ಆಗ್ಬಾರ್ದು, ಅಷ್ಟೆ."

ಅವನನ್ನು ಬೈಯೋಣವೆಂದರೆ ಅವನ ಕಣ್ಣೀರು ಸುಳ್ಳಾಗಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಮೂರು ಗಂಟೆಗೆ ಪೆಟ್ಟಿಗೆ ಹೊತ್ತ ವ್ಯಾನು ಬಂತು. ಬೀದಿಯ ತುದಿಯಲ್ಲೇ ಹುಡುಗರು ಅಡ್ಡಗಟ್ಟಿ ಕೂಗಾಡಿದರು. ಪೊಲೀಸರೂ ಬಂದರು. "ಗಲಾಟೆ ಆಗುತ್ತೆ ಕಣ್ರೀ, ಸುಮ್ನೆ ವಾಪಸ್ ಹೋಗಿ," ಎಂದು ಪಾಸ್ಟರಿಗೇ ಹೇಳಿದರು, ಕೂಗಾಡಿದವರಿಗಲ್ಲ.

ವ್ಯಾನು ತಿರುಗುವ ಸದ್ದು ಕೇಳಿ ಪ್ರೇಮಲೀಲಾ ಒಳಗೆ ಓಡಿದಳು. ಗಂಡನ ಎರಡೂ ಕಾಲು ಹಿಡಿದು ಎಳೆದಳು. ನೆಟ್ಟಗಾದರೆ ತಾನೇ ಹೇಗಾದರೂ ಹೊತ್ತುಕೊಂಡು ಹೋಗುವೆನೆಂಬ ಹುಚ್ಚು. "ಕರ್ತನೇ, ಇದೊಂದ್ ಸಲ, ಇದೊಂದೇ ಸಲ!" ಮಂಡಿಗಳು ಮಡಿಸಿದಂತೆಯೇ ಸೆಟೆದು ಹೋಗಿದ್ದವು. ಹೆಂಗಸರು ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಇಳಿಹೊತ್ತಿಗೆ ಸಮಾಜದ ರುದ್ರಭೂಮಿಯಲ್ಲಿ ಪ್ರಭುಸ್ವಾಮಿಯನ್ನು ಗುಂಡಿಗೆ ಇಳಿಸಿದರು. ಬಿಲ್ವಪತ್ರೆ, ವಿಭೂತಿ ಗಟ್ಟಿ ಸುರಿದರು. ಕತ್ತಿನವರೆಗೂ ಬೆಳ್ಳಗಾಗಿ ಕೂತಿದ್ದ ಗಂಡ ಅವಳಿಗೇ ಅಪರಿಚಿತನಂತೆ ಕಂಡ. ಇಷ್ಟು ದೊಡ್ಡ ಊರಿನಲ್ಲಿ ಅವಳ ಪರವಾಗಿ ಒಬ್ಬರೂ ಉಳಿದಿರಲಿಲ್ಲ. ಪಾಸ್ಟರನ್ನು ಒಳಗೆ ಬಿಟ್ಟಿರಲಿಲ್ಲ. ಕೊಟ್ಟ ಮಾತು ಮಣ್ಣುಪಾಲಾಗಿತ್ತು.

"ಅತ್ಗೆ, ಒಂದ್ ಹಿಡಿ ಮಣ್ಣಾಕಿ," ಎಂದ ಮಹೇಶ ಮೆಲ್ಲಗೆ.

ಅವಳು ಮಣ್ಣು ಹಿಡಿದು ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ನೆರೆದವರಿಗೆಲ್ಲ ಕೇಳುವಂತೆ ಪ್ರಾರ್ಥಿಸಿದಳು.

"ಕರ್ತನೇ, ನನ್ ಕೈಲಿ ಆಗ್ಲಿಲ್ಲಪ್ಪ. ಇವ್ರನ್ನ ಇಂಗೆ ಕಳಿಸ್ತಾ ಇದೀನಿ. ವಿಭೂತಿ ಬಳ್ದವ್ರೆ, ಕೈಗೆ ಲಿಂಗ ಕೊಟ್ಟವ್ರೆ. ಆದ್ರೂ ಇವ್ರು ನಿನ್ನೋರೇ. ಗುರ್ತು ಹಿಡಿ. ಕೈ ಬುಡ್ಬೇಡ."

ಯಾರೂ ಆಮೆನ್ ಅನ್ನಲಿಲ್ಲ. ಅದನ್ನೂ ಅವಳೇ ಅಂದಳು.